ಮೀನು ಹಿಡಿದವರು ಒಬ್ಬರು, ಲೆಕ್ಕ ಬರೆದವರು ಇನ್ನೊಬ್ಬರು: ಶೆಟಿಕ್ಯಾಂಪ್ ಎಂಬ ಊರಿನ ಕಥೆ

ಕೆನಡಾದ ಪೂರ್ವ ತುದಿಯಲ್ಲಿ ನೋವಾ ಸ್ಕೋಷಿಯಾ ಅಂತ ಒಂದು ಪ್ರಾಂತ್ಯ ಇದೆ. ಅದರ ಉತ್ತರದ ಭಾಗ ಕೇಪ್ ಬ್ರೆಟನ್ ಎಂಬ ದ್ವೀಪ. ಆ ದ್ವೀಪದ ಪಶ್ಚಿಮ ದಡದಲ್ಲಿ ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಸೇಂಟ್ ಲಾರೆನ್ಸ್ ಕೊಲ್ಲಿ, ನಡುವೆ ಒಂದೇ ರಸ್ತೆಗೆ ಪೋಣಿಸಿದ ಹಾಗೆ ಮನೆಗಳು. ಇದೇ ಶೆಟಿಕ್ಯಾಂಪ್. ಸುತ್ತಲಿನ ಹಳ್ಳಿಗಳನ್ನು ಸೇರಿಸಿದರೂ ಕೆಲವೇ ಸಾವಿರ ಜನ. ಮನೆಮಾತು ಫ್ರೆಂಚ್. ಶಿಯಾಸೊಂ, ಒಕ್ವೆಂ, ಲಬ್ಲಾಂ, ಡವೋ, ಬುದ್ರೋ ಇಂಥ ಬೆರಳೆಣಿಕೆಯ ಮನೆತನದ ಹೆಸರುಗಳೇ ಊರು ತುಂಬ ಇರುವುದರಿಂದ, ಬರೀ ಜೋಸೆಫ್ ಶಿಯಾಸೊಂ ಅಂದರೆ ಯಾರು ಅಂತ ಗೊತ್ತಾಗುವುದಿಲ್ಲ. ಹಾಗಾಗಿ ಅಪ್ಪನ ಹೆಸರು, ಅಜ್ಜನ ಹೆಸರು ಸೇರಿಸಿ 'ಪಿಯೆರನ ಮಗ ಪೋಲನ ಮಗ ಜೋಸೆಫ್' ಅನ್ನುವ ಥರ ಕರೆಯುವುದು ಅಲ್ಲಿನ ರೂಢಿ.

ಸುತ್ತ ಇಂಗ್ಲಿಷ್ ಮಾತಾಡುವ, ಸ್ಕಾಟ್ಲೆಂಡಿನಿಂದ ಬಂದವರ ಊರುಗಳು. ನಡುವೆ ಈ ಫ್ರೆಂಚ್ ಊರು ಹೇಗೆ ಬಂತು? ಮೀನಿನಿಂದ ಅದು ಹೊಟ್ಟೆ ಹೊರೆದದ್ದು ಹೇಗೆ? ಎರಡು ಪ್ರಶ್ನೆಗೂ ಉತ್ತರ ಹುಡುಕುತ್ತಾ ಹೋದರೆ ಕೊನೆಗೆ ಸಿಗುವುದು ಒಂದೇ ವಸ್ತು, ಲೆಕ್ಕದ ಪುಸ್ತಕ. ಸಮುದ್ರದಲ್ಲಿ ಮೀನು ಎಷ್ಟಿದೆ ಅನ್ನುವುದಕ್ಕಿಂತ, ದಡದಲ್ಲಿ ಅದರ ಬೆಲೆ ಬರೆಯುವವನು ಯಾರು ಅನ್ನುವುದೇ ಈ ಊರಿನ ಹಣೆಬರಹ ಬರೆದದ್ದು.

ಮೊದಲು ಒಂದು ತಪ್ಪು ಕಲ್ಪನೆ ಬಿಡಬೇಕು. ಈ ಊರಿನ ಫ್ರೆಂಚ್ ಮಾತಿನ ಜನ, ಅಂದರೆ ಅಕೇಡಿಯನ್ನರು, ಹುಟ್ಟಾ ಮೀನುಗಾರರಲ್ಲ. ಅವರು ರೈತರು.

1600ರ ದಶಕಗಳಲ್ಲಿ ಫ್ರಾನ್ಸಿನಿಂದ ಬಂದು, ನೋವಾ ಸ್ಕೋಷಿಯಾದ ಪಶ್ಚಿಮಕ್ಕಿರುವ ಫಂಡಿ ಕೊಲ್ಲಿಯ ಸುತ್ತ ನೆಲೆಸಿದವರು ಇವರು. ಪೋರ್ಟ್ ರಾಯಲ್ ಶುರುವಾಗಿದ್ದು 1605ರಲ್ಲಿ. ಆ ಕೊಲ್ಲಿಯ ಭರತ ಇಳಿತ ಅಂದರೆ ಸಾಮಾನ್ಯದ್ದಲ್ಲ, ಪ್ರಪಂಚದಲ್ಲೇ ಅತಿ ಎತ್ತರದ್ದು. ಅಂಥ ಕಡೆ ಅವರು ಕಾಡು ಕಡಿಯುವ ಗೋಜಿಗೆ ಹೆಚ್ಚು ಹೋಗಲಿಲ್ಲ, ಉಪ್ಪುನೀರಿನ ಜೌಗಿಗೆ ಮಣ್ಣಿನ ಕಟ್ಟೆ ಕಟ್ಟಿದರು. ಕಟ್ಟೆಯ ಅಡಿಯಲ್ಲಿ ಮರದ ತೂಬು, ತೂಬಿನೊಳಗೆ ಒಂದು ನೇತಾಡುವ ಬಾಗಿಲು. ಇಳಿತವಿದ್ದಾಗ ಒಳಗಿನ ಮಳೆನೀರು ಬಾಗಿಲನ್ನು ತಳ್ಳಿಕೊಂಡು ಹೊರಗೆ ಹೋಗುತ್ತದೆ. ಭರತ ಬಂದಾಗ ಸಮುದ್ರದ ನೀರೇ ಬಾಗಿಲನ್ನು ಒತ್ತಿ ಮುಚ್ಚುತ್ತದೆ. ಇದಕ್ಕೆ ಅಬ್ವಾಟೋ ಅಂತ ಹೆಸರು. ಎರಡು ಮೂರು ವರ್ಷ ಮಳೆಯಲ್ಲಿ ಉಪ್ಪು ತೊಳೆದು ಹೋದ ಮೇಲೆ ಆ ನೆಲದಲ್ಲಿ ಗೋಧಿ ಹುಲುಸಾಗಿ ಬೆಳೆಯುತ್ತಿತ್ತು. ಇಷ್ಟು ಜಾಣ ಕೆಲಸ ಮಾಡಿದ ಜನ ಆಮೇಲೆ ಬಂಜರು ದಡದಲ್ಲಿ ಮೀನು ಒಣಗಿಸುತ್ತಾ ಕೂತರು ಅಂದರೆ, ಅವರು ಅದನ್ನು ಬಯಸಿ ಹೋದದ್ದಲ್ಲ ಅಂತ ಬೇರೆ ಹೇಳಬೇಕಾಗಿಲ್ಲ.

ಆದದ್ದು ಇಷ್ಟು. 1713ರ ಉಟ್ರೆಕ್ಟ್ ಒಪ್ಪಂದದಲ್ಲಿ ಈ ನೆಲ ಬ್ರಿಟಿಷರ ಪಾಲಾಯಿತು. ಅಕೇಡಿಯನ್ನರು ನಾವು ಯಾರ ಪರವಾಗಿಯೂ ಯುದ್ಧ ಮಾಡುವುದಿಲ್ಲ ಅಂತ ನಲವತ್ತು ವರ್ಷ ಹೇಗೋ ಕಾಲ ತಳ್ಳಿದರು. 1755ರಲ್ಲಿ ಗವರ್ನರ್ ಚಾರ್ಲ್ಸ್ ಲಾರೆನ್ಸ್‌ಗೆ ತಾಳ್ಮೆ ಮುಗಿಯಿತು. ಆ ಸೆಪ್ಟೆಂಬರ್ 5ರಂದು ಗ್ರಾಂ ಪ್ರೆ ಎಂಬ ಊರಿನ ಗಂಡಸರನ್ನೆಲ್ಲ ಚರ್ಚಿಗೆ ಕರೆಸಿ, ನಿಮ್ಮ ಹೊಲ, ಮನೆ, ದನಕರು ಎಲ್ಲ ಇನ್ನು ರಾಜನದ್ದು, ನಿಮ್ಮನ್ನು ಹಡಗು ಹತ್ತಿಸುತ್ತೇವೆ ಅಂತ ಆಜ್ಞೆ ಓದಿದರು. ಬೇರೆ ಊರುಗಳಲ್ಲೂ ಹೀಗೇ. 1763ರ ತನಕ ನಡೆದ ಈ ಗಡೀಪಾರಿನಲ್ಲಿ ಸುಮಾರು 10,000 ಜನ ಊರು ಬಿಟ್ಟರು. ಹಲವರು ಹಡಗಿನಲ್ಲೇ ಸತ್ತರು, ಕೆಲವರು ಅಮೆರಿಕದ ಬ್ರಿಟಿಷ್ ವಸಾಹತುಗಳಿಗೆ, ಕೆಲವರು ಇಂಗ್ಲೆಂಡಿಗೆ, ಫ್ರಾನ್ಸಿಗೆ ಹಂಚಿಹೋದರು. ಮುಂದೆ ಲೂಸಿಯಾನಾ ಸೇರಿದವರನ್ನೇ ಇವತ್ತು ಕೇಜನ್ ಅನ್ನುವುದು. ಅಕೇಡಿಯನ್ ಅನ್ನುವ ಪದವೇ ಬಾಯಿಂದ ಬಾಯಿಗೆ ಸವೆದು ಕೇಜನ್ ಆಗಿದೆ.

1764ರಲ್ಲಿ ವಾಪಸ್ ಬರಬಹುದು ಅಂತ ಅನುಮತಿ ಸಿಕ್ಕಿತು. ಆದರೆ ಎಲ್ಲಿಗೆ ಬರುವುದು? ಕಟ್ಟೆ ಕಟ್ಟಿ ಹದ ಮಾಡಿದ ಹೊಲಗಳನ್ನೆಲ್ಲ ಅಷ್ಟರಲ್ಲಿ ನ್ಯೂ ಇಂಗ್ಲೆಂಡಿನಿಂದ ಕರೆತಂದ ಜನರಿಗೆ ಹಂಚಿಯಾಗಿತ್ತು. ಸಾಲದ್ದಕ್ಕೆ ಕ್ಯಾಥೊಲಿಕರು ಜಮೀನಿನ ಹಕ್ಕುಪತ್ರ ಹೊಂದುವಂತಿಲ್ಲ ಅನ್ನುವ ಕಾನೂನು ಬೇರೆ; ಅದು ಸಡಿಲವಾಗಿದ್ದು 1783ರಲ್ಲಿ. ಉಳಿದಿದ್ದು ಯಾರಿಗೂ ಬೇಡವಾದ ಕಲ್ಲು ದಡಗಳು. ಹೊಲ ಇಲ್ಲದ ರೈತ ಏನು ಮಾಡುತ್ತಾನೆ? ಎದುರಿಗೆ ಕಾಣುವುದನ್ನು ನಂಬುತ್ತಾನೆ. ಎದುರಿಗೆ ಇದ್ದದ್ದು ಸಮುದ್ರ.

ಅಂದಹಾಗೆ ಆ ದಡವೂ ಖಾಲಿ ಇರಲಿಲ್ಲ. ಅದು ಮಿಕ್‌ಮಾ ಜನರ ನೆಲ, ಅವರು ಕೇಪ್ ಬ್ರೆಟನ್ನನ್ನು ಉನಮಾಗಿ ಅನ್ನುತ್ತಾರೆ. ಕಾಡಿನಲ್ಲಿ ಅಡಗಿದ್ದ ಎಷ್ಟೋ ಅಕೇಡಿಯನ್ ಕುಟುಂಬಗಳು ಗಡೀಪಾರಿನ ಕಾಲದಲ್ಲಿ ಬದುಕಿದ್ದೇ ಅವರ ಸಹಾಯದಿಂದ.

ಶೆಟಿಕ್ಯಾಂಪಿಗೆ ಕುಟುಂಬಗಳು ಬಂದು ನೆಲೆಸಿದ್ದು 1780ರ ದಶಕದಲ್ಲಿ. 1790ರಲ್ಲಿ ಹದಿನಾಲ್ಕು ಜನರ ಹೆಸರಿಗೆ 7,000 ಎಕರೆ ಬರೆದುಕೊಟ್ಟರು. ಊರಿನವರು ಇವರನ್ನು 'ಹದಿನಾಲ್ಕು ಹಿರಿಯರು' ಅಂತ ಇವತ್ತಿಗೂ ನೆನೆಯುತ್ತಾರೆ. ಆದರೆ ಈ ಹಿರಿಯರು ಬರುವುದಕ್ಕೂ ಮುಂಚೆಯೇ ಅಲ್ಲಿ ಒಬ್ಬ ವ್ಯಾಪಾರಿ ಟೆಂಟು ಹಾಕಿಯಾಗಿತ್ತು.

ಅವನ ಹೆಸರು ಚಾರ್ಲ್ಸ್ ರಾಬಿನ್. 1743ರಲ್ಲಿ ಜರ್ಸಿಯಲ್ಲಿ ಹುಟ್ಟಿದವನು. ಜರ್ಸಿ ಅಂದರೆ ಇಂಗ್ಲೆಂಡಿಗೂ ಫ್ರಾನ್ಸಿಗೂ ನಡುವೆ ಇರುವ ಒಂದು ಪುಟ್ಟ ದ್ವೀಪ. ಆಳ್ವಿಕೆ ಬ್ರಿಟಿಷ್ ದೊರೆಯದ್ದು, ಆಗಿನ ಜನರ ಮಾತು ಮಾತ್ರ ಫ್ರೆಂಚ್. ಗುಟ್ಟು ಇರುವುದೇ ಇಲ್ಲಿ. ಬ್ರಿಟಿಷ್ ಪ್ರಜೆಯಾದ್ದರಿಂದ ಕೊಲ್ಲಿಯಲ್ಲಿ ವ್ಯಾಪಾರ ಮಾಡುವುದಕ್ಕೆ ಅಡ್ಡಿಯಿಲ್ಲ, ಫ್ರೆಂಚ್ ಬರುವುದರಿಂದ ಅಕೇಡಿಯನ್ನರ ಜೊತೆ ಮಾತಿಗೂ ಅಡ್ಡಿಯಿಲ್ಲ. ಅವನ ಮುಖ್ಯ ಠಾಣೆ ಕೊಲ್ಲಿಯ ಆಚೆ, ಕ್ವಿಬೆಕ್ ಪ್ರಾಂತ್ಯದ ಗ್ಯಾಸ್ಪೆ ಪರ್ಯಾಯ ದ್ವೀಪದ ಪಾಸ್ಪೆಬಿಯಾಕ್. ಶೆಟಿಕ್ಯಾಂಪ್ ಎದುರಿನ ದ್ವೀಪದ ತುದಿಯಲ್ಲಿ, ಲಾ ಪ್ವಾಂಟ್ ಅನ್ನುವ ಜಾಗದಲ್ಲಿ, ಅವನ ಕಂಪನಿಯ ಗೋದಾಮು ಮತ್ತು ಮೀನು ಒಣಗಿಸುವ ಬಯಲು.

ಆಗಿನ ಸರಕು ಒಂದೇ, ಕಾಡ್ ಮೀನು. ಅದನ್ನು ಒಣಗಿಸುವುದು ದೊಡ್ಡ ಕೆಲಸ, ಸ್ವಲ್ಪ ಹತ್ತಿರದಿಂದ ನೋಡೋಣ. ದೋಣಿ ಬಂದ ಕೂಡಲೇ ಒಬ್ಬರು ಕತ್ತು ಸೀಳುತ್ತಾರೆ, ಇನ್ನೊಬ್ಬರು ತಲೆ ತೆಗೆದು ಕರುಳು ಬಗೆಯುತ್ತಾರೆ, ಪಿತ್ತಜನಕಾಂಗ ಎಣ್ಣೆಗೆ ಅಂತ ಪಕ್ಕದ ಪೀಪಾಯಿಗೆ. ಮೂರನೆಯವರು ಒಂದೇ ಎಳೆತಕ್ಕೆ ಬೆನ್ನುಮೂಳೆ ತೆಗೆದು ಮೀನನ್ನು ಪುಸ್ತಕದ ಹಾಗೆ ಬಿಡಿಸುತ್ತಾರೆ. ಉಪ್ಪು ಹಾಕಿ ರಾಶಿ. ಕೆಲವು ದಿನ ಬಿಟ್ಟು ತೊಳೆದು, ಕೊಂಬೆ ಹಾಸಿದ ಅಟ್ಟಣಿಗೆಯ ಮೇಲೆ ಅಥವಾ ಉರುಟುಕಲ್ಲಿನ ದಡದ ಮೇಲೆ, ಮಾಂಸ ಮೇಲೆ ಬರುವ ಹಾಗೆ ಹರಡುತ್ತಾರೆ. ಸಂಜೆ ಇಬ್ಬನಿ ಬೀಳುವ ಮೊದಲು ಒಂದೊಂದನ್ನೂ ಮಗುಚಿ, ಚರ್ಮ ಮೇಲೆ ಮಾಡಿ ಗುಡ್ಡೆ ಹಾಕಬೇಕು. ಬಿಸಿಲು ಜಾಸ್ತಿಯಾದರೆ ಮೀನು ಬೆಂದು ಹೋಗುತ್ತದೆ, ಮಳೆ ತಾಗಿದರೆ ಬೂಸ್ಟು. ಹೆಂಗಸರು, ಮಕ್ಕಳು ಮೋಡ ನೋಡುತ್ತಾ ಇಡೀ ಬೇಸಿಗೆ ಇದರಲ್ಲೇ ಕಳೆಯುತ್ತಿದ್ದರು. ಕರಾವಳಿಯಲ್ಲಿ ಒಣಮೀನು ಮಾಡಿದವರಿಗೆ ಈ ಆತಂಕ ವಿವರಿಸಬೇಕಾಗಿಲ್ಲ, ಅಲ್ವಾ?

ಚೆನ್ನಾಗಿ ಒಣಗಿದ ಗ್ಯಾಸ್ಪೆ ಕಡೆಯ ಮೀನಿಗೆ ಉಪ್ಪು ಕಡಿಮೆ, ಬಣ್ಣ ಜೇನಿನದ್ದು. ಸ್ಪೇನ್, ಪೋರ್ಚುಗಲ್, ಇಟಲಿಯಲ್ಲಿ ಅದಕ್ಕೆ ಒಳ್ಳೆಯ ಬೆಲೆ. ಕೆಟ್ಟ ದರ್ಜೆಯದ್ದು ವೆಸ್ಟ್ ಇಂಡೀಸಿಗೆ, ಕಬ್ಬಿನ ತೋಟದ ಗುಲಾಮರ ಊಟಕ್ಕೆ. ಯಾವ ಮೀನು ಯಾವ ದರ್ಜೆ ಅಂತ ಹೇಳುವವನು ಕಂಪನಿಯ ಆಳು. ಇಲ್ಲಿಂದಲೇ ಲೆಕ್ಕದ ಆಟ ಶುರು.

ವಸಂತದಲ್ಲಿ ಮೀನುಗಾರನ ಕೈಯಲ್ಲಿ ಏನೂ ಇರುವುದಿಲ್ಲ. ಬಲೆ, ಗಾಳ, ಉಪ್ಪು, ಹಿಟ್ಟು, ಬೆಲ್ಲದ ಪಾಕದಂಥ ಮೊಲಾಸಸ್, ಬಟ್ಟೆ ಎಲ್ಲವನ್ನೂ ಕಂಪನಿಯ ಅಂಗಡಿ ಉದ್ದರಿ ಕೊಡುತ್ತದೆ. ಬೆಲೆ ಎಷ್ಟು ಅಂತ ಅಂಗಡಿಯೇ ಬರೆದುಕೊಳ್ಳುತ್ತದೆ. ಶರತ್ಕಾಲದಲ್ಲಿ ಒಣಮೀನು ತಂದು ಹಾಕಬೇಕು, ಅದರ ಬೆಲೆಯನ್ನೂ ಅದೇ ಅಂಗಡಿ ಬರೆಯುತ್ತದೆ. ಎರಡನ್ನೂ ಕಳೆದರೆ ಒಳ್ಳೆಯ ವರ್ಷ ಸೊನ್ನೆಗೆ ಸೊನ್ನೆ, ಕೆಟ್ಟ ವರ್ಷ ಸಾಲ. ಒಂದು ವೇಳೆ ನಾಲ್ಕು ಕಾಸು ಉಳಿದರೂ ಅದು ಮತ್ತೆ ಅಂಗಡಿಯ ಸಾಮಾನಿನ ರೂಪದಲ್ಲೇ. ರೊಕ್ಕ ಕಣ್ಣಿಗೆ ಬೀಳುವುದೇ ಅಪರೂಪ. ಸಾಲ ತೀರದವನು ಬೇರೆಯವರಿಗೆ ಮೀನು ಮಾರುವಂತಿಲ್ಲ, ಮಾರೋಣ ಅಂದರೂ ಕೊಳ್ಳುವವರು ಹತ್ತಿರದಲ್ಲಿಲ್ಲ. ಓದು ಬಾರದ ಜನ, ಕ್ಯಾಥೊಲಿಕ್ ಶಾಲೆ ನಡೆಸಕೂಡದು ಅನ್ನುವ ಕಾನೂನು ಆರಂಭದ ದಶಕಗಳಲ್ಲಿ. ಪುಸ್ತಕದಲ್ಲಿ ಬರೆದದ್ದು ಸರಿಯೋ ತಪ್ಪೋ ಅಂತ ಕೇಳುವುದಾದರೂ ಹೇಗೆ?

ರಾಬಿನ್ ಕೆಟ್ಟವನು ಅಂತ ಸುಮ್ನೆ ಬೈದು ಮುಗಿಸುವುದು ಸುಲಭ. ಆದರೆ ಅವನಿಲ್ಲದಿದ್ದರೆ ಆ ದಡದಲ್ಲಿ ಚಳಿಗಾಲ ದಾಟುವುದೂ ಕಷ್ಟವಿತ್ತು. ಕೊಲ್ಲಿ ಹೆಪ್ಪುಗಟ್ಟಿದ ತಿಂಗಳುಗಳಲ್ಲಿ ಮನೆಯಲ್ಲಿದ್ದ ಹಿಟ್ಟು ಅವನ ಉದ್ದರಿಯದ್ದೇ. ಕೈಕೊಟ್ಟು ಮೇಲೆತ್ತುವವನೇ ಕೈ ಬಿಡದ ಹಾಗೆ ಹಿಡಿದುಕೊಳ್ಳುವುದು, ಈ ಪದ್ಧತಿಯ ಸ್ವಭಾವವೇ ಅದು. ರಾಬಿನ್ 1824ರಲ್ಲಿ ಸತ್ತ. ಪದ್ಧತಿ ಸಾಯಲಿಲ್ಲ. 1886ರಲ್ಲಿ ಜರ್ಸಿಯ ಒಂದು ಬ್ಯಾಂಕು ಮುಳುಗಿ ಕಂಪನಿಯೂ ದಿವಾಳಿಯಾಯಿತು. ಅಟ್ಲಾಂಟಿಕ್‌ನ ಆಚೆ ದಡದಲ್ಲಿ ಬ್ಯಾಂಕು ಮುಳುಗಿದ್ದಕ್ಕೆ ಈಚೆ ದಡದ ಉಗ್ರಾಣಗಳಿಗೆ ಬೀಗ ಬಿತ್ತು. ಆಮೇಲೆ ಬೇರೆ ಪಾಲುದಾರರು ಬಂದು ಬೇರೆ ಹೆಸರಿನಲ್ಲಿ ಅದೇ ಅಂಗಡಿ ತೆರೆದರು.

ಈ ಹೊತ್ತಿಗೆ ಊರಿನ ಪರವಾಗಿ ವ್ಯವಹಾರ ಗೊತ್ತಿದ್ದ ಒಬ್ಬ ಮನುಷ್ಯ ಸಿಕ್ಕಿದ್ದು ಚರ್ಚಿನಲ್ಲಿ. ಪಾದ್ರಿ ಪಿಯೆರ್ ಫಿಸೆ, 1875ರಿಂದ 1909ರ ತನಕ ಅಲ್ಲಿದ್ದವರು. ಊರಿನ ನಡುವೆ ಇವತ್ತಿಗೂ ದೂರದಿಂದ ಕಾಣುವ ಸಂತ ಪೀಟರನ ಕಲ್ಲಿನ ಚರ್ಚು ಮುಗಿದದ್ದು 1893ರಲ್ಲಿ, ಅವರ ಕಾಲದಲ್ಲೇ. ಅದರ ಕಲ್ಲು ಎದುರಿನ ದ್ವೀಪದ್ದು, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೀರಿನ ಮೇಲೆ ಕುದುರೆಗಳಿಂದ ಎಳೆಸಿ ತಂದದ್ದು.

ದೊಡ್ಡ ಬದಲಾವಣೆ ಬಂದದ್ದು ಪಕ್ಕದ ಕಣಿವೆಯಿಂದ. ಮಾರ್ಗರಿಯಲ್ಲಿ 1882ರಲ್ಲಿ ಹುಟ್ಟಿದ ಮೋಸೆಸ್ ಕೋಡಿ ಅಂತ ಒಬ್ಬ ಪಾದ್ರಿ. 1928ರಲ್ಲಿ ಆಂಟಿಗೋನಿಶ್‌ನ ಸೇಂಟ್ ಫ್ರಾನ್ಸಿಸ್ ಝೇವಿಯರ್ ವಿಶ್ವವಿದ್ಯಾಲಯದಲ್ಲಿ ಶುರುವಾದ ವಿಸ್ತರಣಾ ವಿಭಾಗಕ್ಕೆ ಇವರೇ ಮುಖ್ಯಸ್ಥರು. ಅವರ ಉಪಾಯ ಸರಳ. ಹತ್ತಾರು ಮೀನುಗಾರರು ಯಾರದ್ದಾದರೂ ಅಡುಗೆಮನೆಯಲ್ಲಿ ವಾರಕ್ಕೊಮ್ಮೆ ಸೇರಿ, ಲಾಬ್‌ಸ್ಟರ್ ನಮ್ಮಿಂದ ಎಷ್ಟಕ್ಕೆ ಹೋಗುತ್ತದೆ, ಬಾಸ್ಟನ್ನಿನಲ್ಲಿ ಎಷ್ಟಕ್ಕೆ ಮಾರುತ್ತದೆ, ನಡುವಿನ ದುಡ್ಡು ಯಾರ ಜೇಬಿಗೆ ಹೋಯಿತು ಅಂತ ಲೆಕ್ಕ ಹಾಕುವುದು. ಅಷ್ಟೇ. ಲೆಕ್ಕ ತಿಳಿದ ಮೇಲೆ ಉಳಿದದ್ದು ತಾನಾಗಿಯೇ ಬರುತ್ತದೆ ಅನ್ನುವುದು ಅವರ ನಂಬಿಕೆ. 1930ರಲ್ಲಿ ಇವರ ಓಡಾಟದಿಂದಲೇ ಅಲ್ಲಿನ ಕರಾವಳಿ ಪ್ರಾಂತ್ಯಗಳ ಮೀನುಗಾರರ ಒಕ್ಕೂಟ ಹುಟ್ಟಿತು. ಶೆಟಿಕ್ಯಾಂಪಿನಲ್ಲಿ ಸಹಕಾರಿ ಅಂಗಡಿ, ಸಹಕಾರಿ ಬ್ಯಾಂಕು, ಮೀನುಗಾರರದ್ದೇ ಸಂಘ ಬಲವಾಗಿ ಬೇರೂರಿದವು. ಮೊದಲ ಸಲ ಪುಸ್ತಕ ಮೀನು ಹಿಡಿಯುವವರ ಕೈಗೆ ಬಂತು.

ಗಂಡಸರ ಕಥೆ ಇದಾದರೆ ಹೆಂಗಸರದ್ದು ಇನ್ನೂ ಸ್ವಾರಸ್ಯ.

ಚಳಿಗಾಲದಲ್ಲಿ ಹೆಂಗಸರು ಹಳೇ ಬಟ್ಟೆ ಹರಿದು ಗೋಣಿಗೆ ಪೋಣಿಸಿ ನೆಲಹಾಸು ಮಾಡುತ್ತಿದ್ದರು. ಮರದ ಚೌಕಟ್ಟಿಗೆ ಗೋಣಿ ಬಿಗಿದು ಕಟ್ಟಿ, ಬಾಗಿಸಿದ ಮೊಳೆಗೆ ಮರದ ಹಿಡಿ ಹಾಕಿದ ಕೊಕ್ಕೆಯಿಂದ, ಕೆಳಗಿನ ದಾರವನ್ನು ಗೋಣಿಯ ಕಣ್ಣಿಂದ ಮೇಲಕ್ಕೆ ಎಳೆದು ಪುಟ್ಟ ಕುಣಿಕೆ ಬಿಡುವುದು. ಗಂಟು ಇಲ್ಲ, ಹೊಲಿಗೆ ಇಲ್ಲ. ಪಕ್ಕಪಕ್ಕದ ಕುಣಿಕೆಗಳು ಒತ್ತೊತ್ತಾಗಿ ಕೂತು ಒಂದನ್ನೊಂದು ಹಿಡಿದುಕೊಳ್ಳುತ್ತವೆ. (ಇಂಗ್ಲಿಷಿನ 'ಗನ್ನಿ' ನಮ್ಮ 'ಗೋಣಿ'ಯ ಬಳಗದ ಪದ. ಆ ಕಾಲದಲ್ಲಿ ಪ್ರಪಂಚಕ್ಕೆಲ್ಲ ಸೆಣಬು ಹೋಗುತ್ತಿದ್ದದ್ದು ಬಂಗಾಳದಿಂದ. ಸರಕಿನ ಚೀಲವಾಗಿ ಎಲ್ಲೆಲ್ಲೋ ತಿರುಗಿ, ಕೊನೆಗೆ ಹಿಮ ಬೀಳುವ ಊರಲ್ಲಿ ರತ್ನಗಂಬಳಿ ಆಯಿತು ನೋಡಿ.)

1920ರ ದಶಕದ ಕೊನೆಗೆ ಲಿಲಿಯನ್ ಬರ್ಕ್ ಎಂಬ ಅಮೆರಿಕದ ಕಲಾವಿದೆ ಇದನ್ನು ಕಂಡರು. ಟೆಲಿಫೋನಿನ ಗ್ರಹಾಂ ಬೆಲ್ ಇದ್ದಾರಲ್ಲ, ಅವರ ಬೇಸಿಗೆ ಮನೆ ಕೇಪ್ ಬ್ರೆಟನ್ನಿನ ಬ್ಯಾಡೆಕ್‌ನಲ್ಲಿ. ಆ ಮನೆತನಕ್ಕೆ ಈಕೆ ಆಪ್ತರು. ಚಿಂದಿ ಬೇಡ, ಉಣ್ಣೆ ದಾರ ಬಳಸಿ. ಕಣ್ಣಿಗೆ ಹೊಡೆಯುವ ಬಣ್ಣ ಬೇಡ, ಮೆಲು ಬಣ್ಣ ಹಾಕಿ. ನಮೂನೆ ನಾನು ಕೊಡುತ್ತೇನೆ ಅಂದರು. ಆ ಹಾಸುಗಳು ನ್ಯೂಯಾರ್ಕಿನ ಸಿರಿವಂತರ ಮನೆ ಸೇರಿದವು. ಮೀನಿಗೆ ಬೆಲೆಯೇ ಇಲ್ಲದ ಆರ್ಥಿಕ ಕುಸಿತದ ವರ್ಷಗಳಲ್ಲಿ ಎಷ್ಟೋ ಮನೆಯ ಒಲೆ ಉರಿದದ್ದು ಈ ದುಡ್ಡಿನಿಂದ. ಆದರೆ ನಾವು ಪಡೆಯುವುದಕ್ಕೂ ಅಲ್ಲಿ ಅದು ಮಾರುವುದಕ್ಕೂ ಎಷ್ಟು ಅಂತರ ಅನ್ನುವ ಪ್ರಶ್ನೆ ಹೆಂಗಸರಿಗೂ ಬಂತು. 1930ರ ದಶಕದಲ್ಲೇ ಹಲವರು ಬರ್ಕ್ ಅವರನ್ನು ಬಿಟ್ಟು ಸ್ವಂತ ಮಾರಾಟಕ್ಕಿಳಿದರು. ಅದೇ ದಶಕದಲ್ಲಿ ಕ್ಯಾಬಟ್ ಟ್ರೇಲ್ ಎಂಬ ರಸ್ತೆ ದ್ವೀಪ ಸುತ್ತಿ ಬಂದಿತ್ತು, ಪ್ರವಾಸಿಗರ ಕಾರು ಮನೆ ಬಾಗಿಲಲ್ಲೇ ಹಾದು ಹೋಗುತ್ತಿತ್ತು. ಹಾಸನ್ನು ಬೇಲಿಗೆ ನೇತುಹಾಕಿದರೆ ಸಾಕು. 1960ರ ದಶಕದಲ್ಲಿ ಇವರದ್ದೂ ಸಹಕಾರ ಸಂಘವಾಯಿತು. ಇದೇ ಕಸುಬಿನಲ್ಲಿ ಎಲಿಜಬೆತ್ ಲಫೋರ್ (1914–2005) ಎಂಬಾಕೆ ಉಣ್ಣೆ ದಾರದಲ್ಲೇ ಮನುಷ್ಯರ ಮುಖ ಮೂಡಿಸಿದರು. ಆಕೆ ಮಾಡಿದ ಐಸೆನ್‌ಹೋವರ್ ಭಾವಚಿತ್ರ ಶ್ವೇತಭವನಕ್ಕೆ ಹೋಯಿತು. ಉಳಿದ ಹಲವನ್ನು ಊರಿನ ಲೆ ಟ್ರ್ವಾ ಪಿನ್ಯೊಂ ಎಂಬ ಮ್ಯೂಸಿಯಮ್ಮಿನಲ್ಲಿ ನೋಡಬಹುದು.

ಆ ಪ್ರವಾಸಿಗರನ್ನು ಕರೆತಂದ ರಾಷ್ಟ್ರೀಯ ಉದ್ಯಾನದ್ದು ಬೇರೆಯೇ ನೋವು. 1936ರಲ್ಲಿ ಕೇಪ್ ಬ್ರೆಟನ್ ಹೈಲ್ಯಾಂಡ್ಸ್ ಉದ್ಯಾನ ಮಾಡುವಾಗ ಊರಿನ ಉತ್ತರಕ್ಕಿದ್ದ ಕ್ಯಾಪ್ ರೂಜ್ ಎಂಬ ಅಕೇಡಿಯನ್ ಹಳ್ಳಿಯನ್ನು ಸರ್ಕಾರ ವಶಪಡಿಸಿಕೊಂಡು ಖಾಲಿ ಮಾಡಿಸಿತು. ಒಮ್ಮೆ ಗಡೀಪಾರಾದವರ ವಂಶದವರು ಮತ್ತೊಮ್ಮೆ ಗಂಟುಮೂಟೆ ಕಟ್ಟಿದರು. ಇವತ್ತು ಉದ್ಯಾನದ ಕಾಲುದಾರಿಯಲ್ಲಿ ನಡೆದರೆ ಆ ಕಡೆಯ ಹಳೇ ಮನೆಗಳ ಅಡಿಪಾಯದ ಕಲ್ಲು ಕಾಣುತ್ತದೆ.

ಇನ್ನು ಈಗಿನ ಹೊಟ್ಟೆಪಾಡು. ಎರಡು ಶತಮಾನ ಊರನ್ನು ಸಾಕಿದ ಕಾಡ್ ಮೀನು 1990ರ ಹೊತ್ತಿಗೆ ಬರಿದಾಯಿತು. ದೊಡ್ಡ ಟ್ರಾಲರ್‌ಗಳು ಗೋರಿದ್ದು ಒಂದು ಕಾರಣ, ಸರ್ಕಾರದ ಅಂದಾಜು ತಪ್ಪಿದ್ದು ಇನ್ನೊಂದು. 1992ರಲ್ಲಿ ನ್ಯೂಫೌಂಡ್‌ಲ್ಯಾಂಡ್ ಕಡೆ ನಿಷೇಧ, 1993ರಲ್ಲಿ ಈ ಕೊಲ್ಲಿಯಲ್ಲೂ. ಮೀನು ವಾಪಸ್ ಬರುತ್ತದೆ ಅಂತ ಕಾದರು. ಬರಲಿಲ್ಲ. ಉಳಿದ ದೊಡ್ಡ ಕಾಡ್‌ಗಳನ್ನು ಬೂದು ಸೀಲ್‌ಗಳು ತಿಂದು ಹಾಕುತ್ತಿವೆ ಅನ್ನುವುದು ವಿಜ್ಞಾನಿಗಳ ಲೆಕ್ಕಾಚಾರ.

ಊರು ಮುಳುಗದೇ ಇರುವುದಕ್ಕೆ ಕಾರಣ ಎರಡು ಜೀವಿಗಳು. ಒಂದು ಲಾಬ್‌ಸ್ಟರ್. ಇದಕ್ಕೆ ವಸಂತದಲ್ಲಿ ಸುಮಾರು ಎರಡು ತಿಂಗಳ ಋತು, ಬೋನುಗಳು ಇಂತಿಷ್ಟೇ ಅಂತ ಮಿತಿ, ಮೊಟ್ಟೆ ಹೊತ್ತ ಹೆಣ್ಣು ಸಿಕ್ಕರೆ ವಾಪಸ್ ನೀರಿಗೆ. ಇನ್ನೊಂದು ಸ್ನೋ ಕ್ರ್ಯಾಬ್ ಎಂಬ ಉದ್ದಕಾಲಿನ ಏಡಿ. ಮೊದಲೆಲ್ಲ ಇದು ಬಲೆ ಹಾಳು ಮಾಡುವ ಪೀಡೆ. 1960ರ ದಶಕದಿಂದ ಈಚೆಗೆ ಅಮೆರಿಕ, ಜಪಾನಿನಲ್ಲಿ ಬೆಲೆ ಬಂದು ಅದೇ ಬಂಗಾರ. ಚಿಪ್ಪಿನ ಅಗಲ 95 ಮಿಲಿಮೀಟರ್ ದಾಟಿದ ಗಂಡು ಏಡಿ ಮಾತ್ರ ಹಿಡಿಯಬೇಕು. ಹೆಣ್ಣು ಅಷ್ಟು ದೊಡ್ಡದಾಗುವುದೇ ಇಲ್ಲವಾದ್ದರಿಂದ ಸಂತಾನಕ್ಕೆ ತನ್ನಷ್ಟಕ್ಕೆ ರಕ್ಷಣೆ, ಇದು ನನಗೆ ತುಂಬ ಹಿಡಿಸಿದ ನಿಯಮ. ಋತು ಮುಗಿದ ಮೇಲೆ ಹಲವರಿಗೆ ಚಳಿಗಾಲ ಕಳೆಯುವುದು ನಿರುದ್ಯೋಗ ವಿಮೆಯಲ್ಲಿ. 1957ರಿಂದ ಮೀನುಗಾರರಿಗೂ ಅದು ಸಿಗುತ್ತದೆ. ಸೋಮಾರಿತನಕ್ಕೆ ಕೊಡುವ ದುಡ್ಡು ಅಂತ ನಗರದವರು ಗೊಣಗುವುದುಂಟು. ಸಮುದ್ರವೇ ಹೆಪ್ಪುಗಟ್ಟಿರುವಾಗ, ಹೊರಗೆ 'ಸುಎತ್' ಅನ್ನುವ ಆಗ್ನೇಯ ಗಾಳಿ ಕೆಲವೊಮ್ಮೆ ಗಂಟೆಗೆ 200 ಕಿಲೋಮೀಟರ್ ವೇಗದಲ್ಲಿ ಬೆಟ್ಟದಿಂದ ಉರುಳಿ ಬರುವಾಗ ಹೊರಗೆ ಹೋಗಿ ಏನು ಮಾಡಬೇಕು ಅಂತ ಅವರನ್ನೇ ಕೇಳಬೇಕು.

ಈಗ ಪುಸ್ತಕದ ಜಾಗಕ್ಕೆ ಲೈಸೆನ್ಸ್ ಬಂದಿದೆ. ಹೊಸ ಲೈಸೆನ್ಸ್ ಹುಟ್ಟುವುದಿಲ್ಲ, ಇದ್ದವರಿಂದಲೇ ಕೊಳ್ಳಬೇಕು. ದೋಣಿಗಿಂತ ಆ ಕಾಗದಕ್ಕೇ ಬೆಲೆ ಜಾಸ್ತಿ. ಅಪ್ಪ ನಿವೃತ್ತನಾಗುವಾಗ ಮಗನಿಗೆ ಕೊಂಡುಕೊಳ್ಳಲು ಆಗುತ್ತಿಲ್ಲ. ಮೀನು ಸಂಸ್ಕರಿಸುವ ಕಂಪನಿಗಳು ಚಿಕ್ಕ ದೋಣಿಗಳ ಲೈಸೆನ್ಸ್ ಇಟ್ಟುಕೊಳ್ಳಕೂಡದು ಅಂತ 1979ರಲ್ಲೇ ಕೆನಡಾ ನೀತಿ ಮಾಡಿದೆ. ಲೈಸೆನ್ಸ್ ಯಾರ ಹೆಸರಲ್ಲಿದೆಯೋ ಅವರೇ ದೋಣಿಯಲ್ಲಿರಬೇಕು ಅಂತಲೂ ಇದೆ. ಆದರೂ ಅಟ್ಲಾಂಟಿಕ್ ದಡದ ಉದ್ದಕ್ಕೂ ಒಂದು ಒಳದಾರಿ ಹುಟ್ಟಿಕೊಂಡಿತು. ಕಂಪನಿ ದುಡ್ಡು ಕೊಡುತ್ತದೆ, ಹುಡುಗ ತನ್ನ ಹೆಸರಿನಲ್ಲಿ ಲೈಸೆನ್ಸ್ ಕೊಳ್ಳುತ್ತಾನೆ, ಒಳಗೊಂದು ಒಪ್ಪಂದ: ಹಿಡಿದದ್ದೆಲ್ಲ ನಮಗೇ ಹಾಕಬೇಕು, ಬೆಲೆ ನಾವು ಹೇಳಿದ್ದು. ಇದನ್ನು ತಡೆಯಲು 2007ರಲ್ಲಿ ಒಂದು ನೀತಿ ಬಂತು, ಸಾಲದೆ 2021ರಲ್ಲಿ ಅದನ್ನು ನಿಯಮವನ್ನಾಗಿಯೇ ಮಾಡಿದರು. ಇಂಥ ಒಪ್ಪಂದ ಸಿಕ್ಕಿಬಿದ್ದರೆ ಈಗ ಲೈಸೆನ್ಸಿಗೇ ಕುತ್ತು. ರಾಬಿನ್ ತನ್ನ ಲೆಕ್ಕವನ್ನು ಅಂಗಡಿಯ ಮೇಜಿನ ಮೇಲೆ ಎಲ್ಲರಿಗೂ ಕಾಣುವ ಹಾಗೆ ಇಟ್ಟಿದ್ದ. ಈ ಒಳ ಒಪ್ಪಂದ ಡ್ರಾಯರಿನೊಳಗೆ ಇರುತ್ತದೆ, ಮೀನುಗಾರಿಕೆ ಇಲಾಖೆಯವರು ಅದನ್ನು ಹುಡುಕಿ ತೆಗೆಯಬೇಕು.